ಬೆನಕನ ಅಮಾವಾಸ್ಯೆಯೂ ಹಾನ್ಲೆಯ ಮೋಡವೂ

ಹೊಸಕೋಟೆ ಅಂದರೆ ಬೆಂಗಳೂರಿನವರಿಗೆ ಬೆಳಗಿನ ಜಾವದ ಬಿರಿಯಾನಿ. ಭಾನುವಾರ ಬಂತೆಂದರೆ ನಾಲ್ಕು ಗಂಟೆಗೇ ಎದ್ದು, ಕಾರು ಹತ್ತಿ, ಚಳಿಯಲ್ಲಿ ಕ್ಯೂ ನಿಲ್ಲುವವರಿದ್ದಾರೆ. ಅದೇ ಹೊತ್ತಿಗೆ ಅದೇ ಊರಿನಲ್ಲಿ ಇನ್ನೂ ಕೆಲವರು ಎಚ್ಚರವಾಗಿರುತ್ತಾರೆ. ಅವರಿಗೆ ಬಿರಿಯಾನಿಯ ಚಿಂತೆಯಿಲ್ಲ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಕೇಂದ್ರವೊಂದು ಅಲ್ಲಿದೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಗುಡ್ಡದ ಮೇಲೆ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆಯಲ್ಲ, ಅದನ್ನು ಇಲ್ಲಿ ಕಂಪ್ಯೂಟರ್ ಮುಂದೆ ಕೂತೇ ಬೇಕಾದ ಕಡೆ ತಿರುಗಿಸುತ್ತಾರೆ. ಎರಡು ಮೀಟರ್ ಅಗಲದ ಕನ್ನಡಿ ಅದರದ್ದು. 2000ದಲ್ಲಿ ಮೊದಲ ಸಲ ಆಕಾಶ ನೋಡಿತು. ಇಲ್ಲಿಂದ ಕೊಟ್ಟ ಅಪ್ಪಣೆ 36,000 ಕಿ.ಮೀ. ಮೇಲಿರುವ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಹಾನ್ಲೆಗೆ ಇಳಿಯುತ್ತದೆ. ಕಾಲು ಸೆಕೆಂಡಿನ ಕೆಲಸ. ಹೊಸಕೋಟೆಯಿಂದ ಕೆ.ಆರ್. ಪುರಕ್ಕೆ ಸಂಜೆ ಆರಕ್ಕೆ ಹೊರಟವರಿಗೆ ಇದನ್ನು ಹೇಳಬಾರದು.

ಹೊಸಕೋಟೆಯಲ್ಲಿ ಧೋ ಅಂತ ಮಳೆ ಹೊಯ್ಯುತ್ತಿದ್ದರೂ ಇವರ ಕೆಲಸ ನಿಲ್ಲುವುದಿಲ್ಲ. ಹಾನ್ಲೆಯಲ್ಲಿ ಮೋಡ ಕಟ್ಟಿದರೆ ಮಾತ್ರ, ಹೊಸಕೋಟೆಯ ಆಕಾಶ ಎಷ್ಟೇ ತಿಳಿಯಾಗಿದ್ದರೂ ಕೈಕಟ್ಟಿ ಕೂರಬೇಕು. ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮೋಡವನ್ನು ಇಲ್ಲಿಂದಲೇ ಬೈಯುವ ಅನುಕೂಲ ಅವರಿಗಿದೆ. ನಾನು ಬೈಯುವುದಕ್ಕೆ ಅಲ್ಲಿಗೇ ಹೋಗಿದ್ದೆ.

ಹಾನ್ಲೆಯ ಸುತ್ತಲಿನ 1,073 ಚದರ ಕಿ.ಮೀ. ಜಾಗವನ್ನು 2022ರ ಡಿಸೆಂಬರಿನಲ್ಲಿ ಡಾರ್ಕ್ ಸ್ಕೈ ರಿಸರ್ವ್ ಎಂದು ಘೋಷಿಸಿದರು. ಹುಲಿಗೆ ಮೀಸಲು ಇದ್ದ ಹಾಗೆ ಕತ್ತಲೆಗೂ ಒಂದು ಮೀಸಲು. ಮಹಾರಾಷ್ಟ್ರದ ಪೆಂಚ್‌ನಲ್ಲಂತೂ ಎರಡೂ ಒಂದೇ ಕಡೆ ಇವೆ, 2024ರಲ್ಲಿ ಆ ಹುಲಿ ಕಾಡಿಗೆ ಡಾರ್ಕ್ ಸ್ಕೈ ಪಾರ್ಕ್ ಎಂಬ ಮನ್ನಣೆಯೂ ಸಿಕ್ಕಿತು. ಹುಲಿ ಅಳಿಯುತ್ತಿದೆ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಕತ್ತಲೆ ಅಳಿಯುತ್ತಿದೆ ಅಂದರೆ ನಮ್ಮೂರಿನಲ್ಲಿ ಜನ ಖುಷಿಪಡುತ್ತಾರೆ. ಬೀದಿದೀಪ ಬೇಕು ಅಂತ ಪಂಚಾಯ್ತಿ ಮುಂದೆ ಕೂತವರ ಊರು ನಮ್ಮದು. ಅದು ಸುಳ್ಳು ಬೇಡಿಕೆಯೂ ಅಲ್ಲ, ಹಾವು ಚೇಳು ತುಳಿದವರಿಗೆ ಗೊತ್ತು. ಹಾನ್ಲೆಯ ಜನ ಮಾತ್ರ ಸಂಜೆಯಾದರೆ ಕಿಟಕಿಗೆ ದಪ್ಪ ಪರದೆ ಎಳೆಯುತ್ತಾರೆ. ಹೊರಗಿನ ದೀಪಗಳಿಗೆ ಟೋಪಿ ಹಾಕಿ ಬೆಳಕು ನೆಲಕ್ಕಷ್ಟೇ ಬೀಳುವಂತೆ ಮಾಡುತ್ತಾರೆ. ರಾತ್ರಿ ಹೈ ಬೀಮ್ ಹಾಕಿಕೊಂಡು ಬರುವ ಗಾಡಿಯವರಿಗೆ ಬೈಗುಳ ಖಾತ್ರಿ. ಹಳ್ಳಿಯ 24 ಮಂದಿಗೆ ತರಬೇತಿ ಕೊಟ್ಟು ಟೆಲಿಸ್ಕೋಪ್ ಒದಗಿಸಿದ್ದಾರೆ, ಅವರಲ್ಲಿ ಹೆಂಗಸರೂ ಸಾಕಷ್ಟಿದ್ದಾರೆ. ಬಂದವರಿಗೆ ಆಕಾಶ ತೋರಿಸುವುದೇ ಅವರ ಸಂಪಾದನೆ. ಕತ್ತಲೆಯಿಂದ ಹೊಟ್ಟೆಪಾಡು ನಡೆಯುವುದು ಕಳ್ಳರಿಗೆ ಮಾತ್ರ ಅಂದುಕೊಂಡಿದ್ದೆವು, ಅಲ್ವಾ?

ನಕ್ಷತ್ರ ನೋಡುವ ಹುಚ್ಚಿನವರು ಅಮಾವಾಸ್ಯೆಯನ್ನೇ ಹುಡುಕುತ್ತಾರೆ. ಕ್ಯಾಲೆಂಡರಿನಲ್ಲಿ ಕಪ್ಪು ಗುಂಡು ಎಲ್ಲಿದೆ ಅಂತ ನೋಡಿಯೇ ರಜೆ ಹಾಕುವುದು. ಚಂದ್ರನನ್ನು ಕಂಡರೆ ಇವರಿಗೆ ಆಗದು. ನಾನೂ ಧಾರವಾಡದ ನನ್ನ ಗೆಳೆಯನೂ ಲೆಕ್ಕ ಹಾಕಿ ಹಿಡಿದದ್ದು ಬೆನಕನ ಅಮಾವಾಸ್ಯೆಯನ್ನು. ಆ ವರ್ಷ ಅದು ಸರಿಯಾಗಿ ಮಘೆ ಮಳೆಯ ನಡುವೆ ಬಿದ್ದಿತ್ತು. ಊರಿಗೆ ಫೋನ್ ಮಾಡಿ ಹೇಳಿದೆ.

"ಅಲ್ಲ ಕಣೋ, ಮಳೆಗಾಲದಾಗೆ ಯಾರಾದ್ರೂ ನಕ್ಷತ್ರ ನೋಡಕ್ಕೆ ಹೋಗ್ತಾರಾ? ಅದೂ ಅಮಾಸೆಲಿ?" ಅಂದಳು ಅಮ್ಮ.

"ಅಲ್ಲಿ ಮಳೆ ಬರಲ್ಲಮ್ಮ. ಬೆಟ್ಟದ ಆ ಕಡೆ ಇದೆ."

"ಬರದೇ ಇರೋ ಊರು ಯಾಕೆ, ಇಲ್ಲೂ ಬರ್ತಿಲ್ಲ. ಇಲ್ಲಿಗೇ ಬಾ."

ಲಡಾಖ್ ಮಳೆನೆರಳಿನ ಪ್ರದೇಶ ಅನ್ನುವುದು ನಿಜ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವುದು ಹೆಚ್ಚು ಕಡಿಮೆ 100 ಮಿಲಿಮೀಟರ್. ಆಗುಂಬೆಯಲ್ಲಿ 7,000 ದಾಟುತ್ತದೆ, ಅಲ್ಲಿ ಒಳ್ಳೆಯ ಮಳೆಯ ಒಂದು ದಿನ ಸಾಕು ಲೇಹ್‌ನ ಇಡೀ ವರ್ಷದ ಬಾಬ್ತು ಮುಗಿಯಲು. ಹಾನ್ಲೆಯಲ್ಲಿ ವರ್ಷಕ್ಕೆ 250ಕ್ಕೂ ಹೆಚ್ಚು ರಾತ್ರಿ ಆಕಾಶ ನೋಡಲು ಸಿಗುತ್ತದೆ ಎಂಬ ಲೆಕ್ಕದ ಮೇಲೆಯೇ ಟೆಲಿಸ್ಕೋಪನ್ನು ಅಲ್ಲಿಗೆ ಒಯ್ದದ್ದು. ಉಳಿದ ನೂರು ಚಿಲ್ಲರೆ ರಾತ್ರಿಗಳಲ್ಲಿ ಬಹಳಷ್ಟು ಜುಲೈ, ಆಗಸ್ಟಿನಲ್ಲಿ ಬರುತ್ತವೆ. ಬೆಟ್ಟ ಹತ್ತಲಾರದ ಮುಂಗಾರು ಒಂದೊಂದು ವಾರ ಹೇಗೋ ನುಸುಳಿ ಬಿಡುತ್ತದೆ. ಆದರೆ ಅದೇ ತಿಂಗಳಲ್ಲಿ ನೆತ್ತಿಯ ಮೇಲೆ ಕ್ಷೀರಪಥ. ರಸ್ತೆಯೂ ತೆರೆದಿರುತ್ತದೆ. ಚಳಿಗಾಲದಲ್ಲಿ ಆಕಾಶ ಶುದ್ಧ, ಮನುಷ್ಯ ಮರಗಟ್ಟುತ್ತಾನೆ. ಹಾಗಾಗಿ ಎಲ್ಲರೂ ಆಗಸ್ಟಿಗೇ ಹೋಗಿ ಮೋಡಕ್ಕೆ ಹೆದರುತ್ತಾ ಕೂರುವುದು.

ಅಮ್ಮನಿಗೆ ಇಪ್ಪತ್ತೇಳು ನಕ್ಷತ್ರಗಳ ಹೆಸರೂ ಬಾಯಿಗೆ ಬರುತ್ತದೆ. ಆಕಾಶದಲ್ಲಿ ಒಂದನ್ನು ತೋರಿಸು ಅಂದರೆ ಮಾತ್ರ ನಗುತ್ತಾಳೆ. ನಮ್ಮ ಕಡೆ ನಕ್ಷತ್ರಗಳ ಪರಿಚಯ ಆಗುವುದೇ ಮಳೆಯಿಂದ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಆಶ್ಲೇಷ ಮಳೆ ಈಸಲಾರದ ಹೊಳೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಸೂರ್ಯ ಒಂದೊಂದು ನಕ್ಷತ್ರದ ಮನೆಯಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳಲ್ಲಿ ಬಿದ್ದದ್ದು ಆ ನಕ್ಷತ್ರದ ಮಳೆ. ಮೇ ಕೊನೆಗೆ ರೋಹಿಣಿ, ಜೂನ್ ಮೂರನೇ ವಾರ ಕಳೆದ ಮೇಲೆ ಆರಿದ್ರಾ, ಆಗಸ್ಟಿನ ಹದಿನೇಳರ ಸುಮಾರಿಗೆ ಮಘೆ. ಬಿತ್ತುವುದು, ಕುಂಟೆ ಹೊಡೆಯುವುದು, ಕಳೆ ಕೀಳುವುದು ಎಲ್ಲವೂ ಈ ಲೆಕ್ಕದಲ್ಲೇ.

ತಮಾಷೆ ಏನೆಂದರೆ, ಯಾವ ನಕ್ಷತ್ರದ ಮಳೆಯೋ ಆ ನಕ್ಷತ್ರ ಆಗ ಕಾಣುವುದೇ ಇಲ್ಲ. ಮೋಡ ಇರಲಿ ಬಿಡಲಿ. ಆಗಸ್ಟ್ 22, 23ರ ಹೊತ್ತಿಗೆ ಮಘಾ ಸೂರ್ಯನ ಪಕ್ಕದಲ್ಲೇ ಇರುತ್ತದೆ. ಅವನ ಜೊತೆ ಹುಟ್ಟಿ, ಹಗಲೆಲ್ಲ ನೆತ್ತಿಯ ಮೇಲೆ ಸಾಗಿ, ಅವನ ಜೊತೆಯೇ ಮುಳುಗುತ್ತದೆ. ಅದನ್ನು ನೋಡಬೇಕೆಂದರೆ ಆರು ತಿಂಗಳು ಕಾಯಬೇಕು. ಮಾಘ ಮಾಸದ ಹುಣ್ಣಿಮೆಯ ಚಂದ್ರ ಅದರ ಹತ್ತಿರ ನಿಂತಾಗ ರಾತ್ರಿಯಿಡೀ ಕಾಣುತ್ತದೆ. ಆಗ ಕಣ ಮಾಡಿ, ಕಾಳು ತುಂಬಿ ಆಗಿರುತ್ತದೆ, ಯಾರಿಗೂ ಆಕಾಶ ನೋಡುವ ಅಗತ್ಯ ಇರುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ತಲೆಯೆತ್ತಿ ನೋಡಿದವರೆಲ್ಲ ಮೋಡಕ್ಕಾಗಿಯೇ ನೋಡಿದ್ದು. ಮೋಡ ಇಲ್ಲದಿರಲಿ ಎಂದು ಬೇಡಿಕೊಂಡು ಮೇಲೆ ನೋಡಿದವನು ಬಹುಶಃ ನಾನೇ ಮೊದಲು. ದೇವರ ಮುಂದೆ ನಿಂತಾಗ ಇದನ್ನು ಬಾಯಿಬಿಟ್ಟು ಕೇಳಲು ಸಂಕೋಚ.

ಲೇಹ್‌ನಲ್ಲಿ ಮೈ ಒಗ್ಗಿಸಿಕೊಂಡು, ಪರ್ಮಿಟ್ ಮಾಡಿಸಿಕೊಂಡು, ಉಪ್ಶಿಯಲ್ಲಿ ತಿರುಗಿ ಸಿಂಧೂ ನದಿಯ ಪಕ್ಕದಲ್ಲೇ ಹೋಗಬೇಕು. ಚುಮಾಥಾಂಗ್, ಮಾಹೆ, ನ್ಯೋಮಾ, ಲೋಮಾ. ದಾರಿಯುದ್ದಕ್ಕೂ ಗೆಳೆಯ ಫೋನಿನಲ್ಲಿ ಹವಾಮಾನ ನೋಡುತ್ತಿದ್ದ. ನೆಟ್‌ವರ್ಕ್ ಇದ್ದದ್ದು ಅವನಿಗೆ ಮಾತ್ರ, ಹೊರಗಿನ ಪ್ರೀಪೇಡ್ ಸಿಮ್ ಅಲ್ಲಿ ಸತ್ತ ಹಾಗೆಯೇ. ಒಂದು ಆ್ಯಪ್ ಪೂರ್ತಿ ಮೋಡ ಅಂದಿತು. ಇನ್ನೊಂದು ಮೋಡ ಇಲ್ಲವೇ ಇಲ್ಲ ಅಂದಿತು. ಮೂರನೆಯದು ಬೇರೆ ಯಾವುದೋ ಊರನ್ನು ಹಾನ್ಲೆ ಅಂದುಕೊಂಡಿತ್ತು. ಕೊನೆಗೆ ಬೇಸತ್ತು ಅವನು ಪಂಚಾಂಗ ತೆಗೆದ. ಅವರ ಕಡೆಯ ಪಂಚಾಂಗದಲ್ಲಿ ಪ್ರತಿ ಮಳೆಗೂ ಒಂದು ವಾಹನ ಬರೆದಿರುತ್ತದೆ. ಆನೆ, ಕುದುರೆ, ಕತ್ತೆ, ಇಲಿ ಹೀಗೆ. ವಾಹನ ನೋಡಿ ಮಳೆ ಹೇಗೆ ಅಂತ ಹೇಳುತ್ತಾರೆ.

"ಈ ಸಲ ಮಘಿ ಮಳಿಗೆ ಕಪ್ಪಿ ವಾಹನ ಐತಿ" ಅಂದ. ಕಪ್ಪೆ ಅಂದರೆ ನೀರಿಗೆ ಕೊರತೆ ಇಲ್ಲ ಅಂತ.

"ಅದು ಧಾರವಾಡಕ್ಕೆ ಬರೆದದ್ದು."

"ಕಪ್ಪಿ ಎಲ್ಲಿತನಕ ಜಿಗೀತದ ಯಾರಿಗ್ ಗೊತ್ತು?"

ಹಾನ್ಲೆ ತಲುಪಿದಾಗ ಪಶ್ಚಿಮದ ಬೆಟ್ಟಗಳ ಮೇಲೆ ಕಪ್ಪೆ ಕೂತಿತ್ತು. ಹೋಮ್‌ಸ್ಟೇ ಮನೆಯಾಕೆ "ಜೂಲೇ" ಅಂತ ಕರೆದು ಉಪ್ಪು, ಬೆಣ್ಣೆ ಹಾಕಿದ ಚಹಾ ಕೊಟ್ಟಳು. ಮೋಡದ ಕಡೆ ಕೈ ತೋರಿಸಿ ಕೇಳಿದರೆ ಭುಜ ಕುಣಿಸಿದಳು. ಗಾಳಿ ಬಂದರೆ ಹೋಗುತ್ತದೆ, ಬರದಿದ್ದರೆ ಇಲ್ಲ. ಅವಳ ಹಿಂದಿ ನನಗೆ, ನನ್ನ ಹಿಂದಿ ಅವಳಿಗೆ, ಎರಡೂ ಅಷ್ಟಕ್ಕಷ್ಟೆ. ಆದರೂ ಮೂರು ಆ್ಯಪ್‌ಗಳಿಗಿಂತ ಇದು ಸ್ಪಷ್ಟವಾಗಿತ್ತು.

ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರುವತ್ತು ಪರ್ಸೆಂಟ್ ಅಷ್ಟೆ. ಎರಡು ಮೆಟ್ಟಿಲು ಹತ್ತಿದರೆ ಎದುಸಿರು. ತಲೆನೋವು, ನಿದ್ದೆ ಬಾರದು. ನಿದ್ದೆ ಬಾರದಿರುವುದು ನಮ್ಮ ಕೆಲಸಕ್ಕೆ ಒಳ್ಳೆಯದೇ ಅನ್ನಿ. ಆದರೆ ಇನ್ನೊಂದು ಪೇಚಿದೆ. ಮಂದ ಬೆಳಕಿನಲ್ಲಿ ನೋಡಲು ನಮ್ಮ ಕಣ್ಣಿಗೆ ಆಮ್ಲಜನಕ ತುಂಬಾ ಬೇಕು. ಅದು ಕಡಿಮೆಯಾದರೆ ಮೊದಲು ಕುಗ್ಗುವುದು ರಾತ್ರಿಯ ದೃಷ್ಟಿಯೇ. ರಾತ್ರಿ ವಿಮಾನ ಹಾರಿಸುವವರು 5,000 ಅಡಿಯಿಂದಲೇ ಆಮ್ಲಜನಕ ಬಳಸುವುದು ಒಳ್ಳೆಯದು ಅಂತ ಅಮೆರಿಕದ ವಿಮಾನಯಾನ ಇಲಾಖೆ ಸಲಹೆ ಕೊಡುತ್ತದೆ. ನಾವು ಇದ್ದದ್ದು 14,000 ಅಡಿಯಲ್ಲಿ. ಅಂದರೆ ಭಾರತದ ಅತಿ ಒಳ್ಳೆಯ ಆಕಾಶವನ್ನು ನೋಡಲು ಹೋಗಿ, ಸ್ವಲ್ಪ ಕುರುಡಾಗಿ ನಿಂತಿರುತ್ತೇವೆ. ಟೆಲಿಸ್ಕೋಪನ್ನು ಮಾತ್ರ ಮೇಲೆ ಬಿಟ್ಟು ಹೊಸಕೋಟೆಯಲ್ಲಿ ಕೂತವರು ಜಾಣರು.

ಸಂಜೆ ಪಶ್ಚಿಮದಲ್ಲಿ ಮೋಡದ ಮೇಲ್ಗಡೆ ಸ್ವಾತಿ ಕಂಡಿತು. ಕಿತ್ತಳೆ ಬಣ್ಣ, ಗುರುತು ಹಿಡಿಯುವುದು ಸುಲಭ. ಅದರ ಕೆಳಗೆ ಚಿತ್ತೆ ಇರಬೇಕಿತ್ತು, ಮೋಡ ನುಂಗಿತ್ತು. ದಕ್ಷಿಣದ ಕಡೆ ವಿಶಾಖ, ಅನುರಾಧ, ಕೆಂಪಗೆ ಜ್ಯೇಷ್ಠಾ. ಒಂಬತ್ತರ ಹೊತ್ತಿಗೆ ಎಲ್ಲ ಮುಚ್ಚಿತು. ಟೆಲಿಸ್ಕೋಪಿನ ಹುಡುಗಿ ಬಂದು, ಮೇಲೆ ನೋಡಿ, ಟೆಲಿಸ್ಕೋಪಿನ ಹೊದಿಕೆ ತೆಗೆಯದೆ ಪಕ್ಕದಲ್ಲಿ ಕೂತಳು. ದೆಹಲಿಯಿಂದ ಬಂದಿದ್ದ ಒಂದು ಸಂಸಾರ ಅರ್ಧ ಗಂಟೆ ಕಾದು, ದುಡ್ಡು ವಾಪಸ್ ಸಿಗುತ್ತದೆಯೇ ಅಂತ ವಿಚಾರಿಸಿ, ಒಳಗೆ ಹೋಯಿತು.

ಮೋಡದ ಬಗ್ಗೆ ಗೊಣಗುವವರು ಲ ಜಾಂತೀಯ ಎಂಬ ಫ್ರೆಂಚ್ ಖಗೋಳಜ್ಞನನ್ನು ನೆನೆಯಬೇಕು. 1761ರಲ್ಲಿ ಸೂರ್ಯನ ಮುಂದೆ ಶುಕ್ರ ಹಾದುಹೋಗುವುದನ್ನು ನೋಡಲು ಅದರ ಹಿಂದಿನ ವರ್ಷವೇ ಪುದುಚೇರಿಗೆ ಹೊರಟ. ಬರುವಷ್ಟರಲ್ಲಿ ಊರು ಇಂಗ್ಲಿಷರ ಕೈಗೆ ಹೋಗಿತ್ತು. ಓಲಾಡುವ ಹಡಗಿನ ಮೇಲಿಂದಲೇ ನೋಡಿದ, ಅಳತೆ ಒಂದೂ ಉಪಯೋಗಕ್ಕೆ ಬರಲಿಲ್ಲ. ಮತ್ತೆ ಎಂಟು ವರ್ಷಕ್ಕೆ ಇನ್ನೊಮ್ಮೆ ಆಗುತ್ತದಲ್ಲ ಅಂತ ಈ ಕಡೆಯೇ ಉಳಿದ. ಪುದುಚೇರಿಗೆ ಬಂದು ವೀಕ್ಷಣಾಲಯ ಕಟ್ಟಿಸಿಕೊಂಡ. 1769ರ ಜೂನ್ 4ರ ಬೆಳಗ್ಗೆ ಶುಕ್ರ ಹಾದುಹೋಗುವ ಹೊತ್ತಿಗೆ ಸರಿಯಾಗಿ ಮೋಡ. ಊರಿಗೆ ಮರಳಿದರೆ ಅಲ್ಲಿ ಇವನು ಸತ್ತ ಅಂತಲೇ ತಿಳಿದು ವಿಜ್ಞಾನ ಅಕಾಡೆಮಿಯಲ್ಲಿದ್ದ ಇವನ ಸ್ಥಾನವನ್ನು ಬೇರೆಯವರಿಗೆ ಕೊಟ್ಟಿದ್ದರು. ಜೂನ್ ಮೊದಲ ವಾರ ಅಂದರೆ ನಮಗೆ ರೋಹಿಣಿ ಮಳೆಯ ಹೊತ್ತು. ಅಮ್ಮನನ್ನು ಕೇಳಿದ್ದರೆ ಹೇಳುತ್ತಿದ್ದಳು.

ಹತ್ತರ ಸುಮಾರಿಗೆ ಗಾಳಿ ಎದ್ದಿತು. ಇಲ್ಲಿಂದ ಮುಂದಿನದನ್ನು ಬೆಂಗಳೂರಿನಲ್ಲಿ ಇದ್ದವರಿಗೆ ವಿವರಿಸುವುದು ಕಷ್ಟ. ನಮ್ಮೂರಿನ ರಾತ್ರಿ ಮೋಡ ಬೆಳ್ಳಗೋ ಕಿತ್ತಳೆಯಾಗೋ ಇರುತ್ತದೆ, ಕೆಳಗಿನ ದೀಪಗಳೆಲ್ಲ ಅದರ ಹೊಟ್ಟೆಗೆ ಬೆಳಕು ಬಿಡುವುದರಿಂದ. ಹಾನ್ಲೆಯಲ್ಲಿ ಕೆಳಗೆ ಬೆಳಕಿಲ್ಲ. ಮೇಲೆ ವಾತಾವರಣದ ತುದಿಯೇ ಸಣ್ಣಗೆ ಹೊಳೆಯುತ್ತಿರುತ್ತದೆ, ಅದರ ಹಿಂದೆ ಲೆಕ್ಕವಿಲ್ಲದ ನಕ್ಷತ್ರ. ಹಾಗಾಗಿ ಅಲ್ಲಿ ಮೋಡ ಅಂದರೆ ಕಪ್ಪು. ಬರೀ ಕಪ್ಪು. ನಕ್ಷತ್ರಗಳು ಇಲ್ಲದ ಜಾಗವೇ ಮೋಡ, ಅದು ಸರಿಯುವುದು ಗೊತ್ತಾಗುವುದೂ ಒಂದು ಕಡೆ ನಕ್ಷತ್ರ ಆರಿ ಇನ್ನೊಂದು ಕಡೆ ಹತ್ತಿಕೊಂಡಾಗ. ದಕ್ಷಿಣದಲ್ಲಿ ಆ ಕಪ್ಪು ಹರಿದು, ಒಳಗಿನಿಂದ ಬೆಳ್ಳಗೆ ಏನೋ ಉಬ್ಬಿಕೊಂಡು ಬಂತು.

"ಹೋತು, ಮತ್ತ ಮೋಡಾ ಬಂತು" ಅಂದ ಗೆಳೆಯ.

ಹುಡುಗಿ ನಕ್ಕಳು. ಅದು ಕ್ಷೀರಪಥ. ಹೋಗುತ್ತಿರುವುದು ಮೋಡ.

ಈಗ ಅವಳ ಕೈ ನೋಡಬೇಕಿತ್ತು. ಎಷ್ಟು ಹೊತ್ತು ತೆರೆದಿರುತ್ತದೋ ಗೊತ್ತಿಲ್ಲ, ಹೊದಿಕೆ ಎಳೆದೆಸೆದು ಟೆಲಿಸ್ಕೋಪಿನ ಡಬ್ಬವನ್ನು ಎರಡು ಕೈಯಲ್ಲಿ ತಬ್ಬಿ ತಿರುಗಿಸಿ, ಬಗ್ಗಿ ನೋಡಿ, "ಬನ್ನಿ ಬನ್ನಿ" ಅಂತ ಕರೆದಳು. ಧನುಸ್ಸು ರಾಶಿಯ ಕಡೆ ಇಟ್ಟಿದ್ದಳು. ಬೂದು ಬಣ್ಣದ ಮಬ್ಬು, ನಡುವೆ ಒಂದು ಕಪ್ಪು ಸೀಳು, ಪಕ್ಕದಲ್ಲಿ ಪುಟ್ಟ ನಕ್ಷತ್ರಗಳ ಗುಂಪು. ಲಗೂನ್ ನೆಬ್ಯುಲಾ. ನೇರವಾಗಿ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ, ಆಗ ಜಾಸ್ತಿ ಕಾಣುತ್ತದೆ ಅಂದಳು. ನಾಲ್ಕು ಸಾವಿರ ಜ್ಯೋತಿರ್ವರ್ಷಕ್ಕೂ ದೂರದ ಅನಿಲ ಮತ್ತು ದೂಳಿನ ಮೋಡ ಅದು. ಅದರೊಳಗೆ ಈಗಲೂ ನಕ್ಷತ್ರ ಹುಟ್ಟುತ್ತಿವೆ. ಗೆಳೆಯ ನೋಡಿ, ತಲೆಯೆತ್ತಿ, ಅವಳಿಗೆ ತಿಳಿಯದ ಭಾಷೆಯಲ್ಲಿ ಅಂದ: "ಇಷ್ಟೊತ್ತು ಮೋಡಾ ಸರೀಲಿ ಅಂತ ಕಾದು ಕೂತ್ರ, ಈಗ ಮತ್ತೊಂದು ಮೋಡಾ ತೋರಸಾಕತ್ತೀಯಲ್ಲವಾ."

ಅವನು ಹೇಳಿದ್ದು ಸರಿ. ಖಗೋಳದ ಹುಚ್ಚಿನವರು ಮೋಡವನ್ನು ಬೈಯುತ್ತಾ ಬೈಯುತ್ತಾ ನೋಡುವುದರಲ್ಲಿ ಅರ್ಧ ಮೋಡವೇ. ಕ್ಷೀರಪಥದ ನಡುವಿನ ಆ ಕಪ್ಪು ಬಿರುಕು ದೂಳಿನ ಮೋಡ. ಮೃಗಶಿರಾ ಪಕ್ಕದ ಮಹಾವ್ಯಾಧನ (ಒರಾಯನ್) ಕತ್ತಿಯಲ್ಲಿ ಹೊಳೆಯುವುದು ಮೋಡ. ದಕ್ಷಿಣ ಗೋಳಾರ್ಧದವರು ಮೆಗೆಲ್ಲನ್ ಮೋಡಗಳನ್ನು ತೋರಿಸಿ ನಮ್ಮ ಹೊಟ್ಟೆ ಉರಿಸುತ್ತಾರೆ, ಅವು ನಿಜಕ್ಕೂ ಗೆಲಾಕ್ಸಿಗಳು. ಆಂಡ್ರೊಮಿಡಾ ಗೆಲಾಕ್ಸಿಯನ್ನು ಪರ್ಷಿಯಾದ ಖಗೋಳಜ್ಞ ಅಲ್ ಸೂಫಿ 964ರಲ್ಲಿ ಬರೆದಿಟ್ಟದ್ದೇ ಪುಟ್ಟ ಮೋಡ ಅಂತ. 25 ಲಕ್ಷ ಜ್ಯೋತಿರ್ವರ್ಷದಾಚೆಯ ಆ ಮೋಡವನ್ನು ಆ ರಾತ್ರಿ ಬರಿಗಣ್ಣಲ್ಲಿ ನೋಡುತ್ತಿದ್ದಂತೆಯೇ, ಹತ್ತು ಕಿಲೋಮೀಟರ್ ಮೇಲೂ ಇಲ್ಲದ ಒಂದು ಮೋಡ ಬಂದು ಮುಚ್ಚಿತು. ಸಿಟ್ಟು ಬರಬೇಕಿತ್ತು, ಬಂತು ಕೂಡ.

ಗುಡ್ಡದ ಮೇಲೆ ದೊಡ್ಡ ಟೆಲಿಸ್ಕೋಪಿನ ಗುಮ್ಮಟ ತೆರೆದಿದೆಯೋ ಮುಚ್ಚಿದೆಯೋ ಕತ್ತಲಲ್ಲಿ ಕಾಣುತ್ತಿರಲಿಲ್ಲ.

ನಾಲ್ಕು ಗಂಟೆಗೆ ಹೊರಗೆ ಬಂದರೆ ಆಕಾಶ ಪೂರ್ತಿ ಬಿಟ್ಟಿತ್ತು. ಪೂರ್ವದ ಕಡೆ ನೋಡಿದೆ. ಎತ್ತರದಲ್ಲಿ ಭರಣಿ, ಕೃತ್ತಿಕೆ. ಅದರ ಕೆಳಗೆ ರೋಹಿಣಿ, ಮೃಗಶಿರಾ, ಆರಿದ್ರಾ. ಬೆಟ್ಟದ ಮೇಲೆ ಆಗ ತಾನೇ ಪುನರ್ವಸು. ಏಪ್ರಿಲ್ ಕೊನೆಯಿಂದ ಜುಲೈ ನಡುವಿನ ತನಕ ಸುರಿದು ಮುಗಿದ ಮಳೆಗಳೆಲ್ಲ ಸುರಿದ ಕ್ರಮದಲ್ಲೇ ಇದ್ದವು. ಸಂಜೆ ಕಂಡ ಸ್ವಾತಿ, ವಿಶಾಖ, ಅನುರಾಧ ಇನ್ನು ಬರಬೇಕಾದ ಮಳೆಗಳು. ಸೂರ್ಯ ಮುಂದೆ ಹೋದ ಹಾಗೆ ಹಿಂದೆ ಬಿಟ್ಟ ನಕ್ಷತ್ರ ಬೆಳಗಿನ ಜಾವಕ್ಕೆ ಬರುತ್ತದೆ, ಮುಂದೆ ಹೋಗಬೇಕಾದ ನಕ್ಷತ್ರ ಸಂಜೆಗೆ ಉಳಿದಿರುತ್ತದೆ. ಲೆಕ್ಕ ಇಷ್ಟೇ. ಪುಸ್ತಕದಲ್ಲಿ ಓದಿದ್ದರೂ ನನಗೆ ಅದು ತಲೆಗೆ ಹೋದದ್ದು ಆಗಲೇ. ಗೆಳೆಯನಿಗೆ ವಿವರಿಸಿದೆ. "ಹಂಗಾದ್ರ ನಮ್ಮವ್ವಗ ಕ್ಯಾಲೆಂಡರೇ ಬ್ಯಾಡ" ಅಂದ. ಕೈ ಮರಗಟ್ಟಿ ಫೋಟೋ ತೆಗೆಯಲು ಇಬ್ಬರಿಗೂ ಆಗಲಿಲ್ಲ.

ಒಂದು ನಕ್ಷತ್ರ ಮಾತ್ರ ಹಾನ್ಲೆಯಲ್ಲಿ ಹುಡುಕಬಾರದು, ಅಗಸ್ತ್ಯ. ಅಗಸ್ತ್ಯ ಹುಟ್ಟಿದರೆ ಮಳೆಗಾಲ ಮುಗಿಯಿತು, ನೀರು ತಿಳಿಯಾಯಿತು ಅನ್ನುವುದು ಹಳೆಯ ಮಾತು. ಆದರೆ ಅಲ್ಲಿ ಅದು ಎಷ್ಟು ಏರಿದರೂ ದಿಗಂತದಿಂದ ನಾಲ್ಕೈದು ಡಿಗ್ರಿ, ಬೆಟ್ಟವೇ ಅಡ್ಡ. ನಮ್ಮಲ್ಲಿ ಇಪ್ಪತ್ನಾಲ್ಕು ಡಿಗ್ರಿ ಏರುತ್ತದೆ. ಫೆಬ್ರವರಿಯಲ್ಲಿ ದೇವರಾಯನದುರ್ಗದ ಮೇಲೆ ನಿಂತು ದಕ್ಷಿಣಕ್ಕೆ ನೋಡಿದರೆ ಸಾಕು. ಪರ್ಮಿಟ್ ಬೇಡ, ಮಾತ್ರೆ ಬೇಡ, ಇಳಿದು ಬರುವಾಗ ಬಿಸಿ ಇಡ್ಲಿಯೂ ಸಿಗುತ್ತದೆ.

ವಾಪಸ್ ಬರುವಾಗ ನ್ಯೋಮಾದಲ್ಲಿ ಗೆಳೆಯನ ಫೋನಿನಿಂದ ಅಮ್ಮನಿಗೆ ಮಾಡಿದೆ. ರಾಗಿ ಪೈರು ಬಾಡುತ್ತಿದೆ ಅಂದಳು. ಇಲ್ಲಿ ರಾತ್ರಿಯೆಲ್ಲ ಮೋಡ ಇತ್ತು ಅಂದೆ. "ಬೇಡ ಅಂದವರ ಮನೆಗೇ ಹೋಗುತ್ತೆ ನೋಡು ಅದು. ಈ ಕಡೆ ಕಳಿಸು" ಅಂದಳು. ಫೋನಿಟ್ಟ ಮೇಲೆ ಮುಂದಿನ ಪ್ರಯಾಣ ಯಾವಾಗ ಅಂತ ಚರ್ಚೆ ಶುರುವಾಯಿತು. ಮುಂದಿನ ಅಮಾವಾಸ್ಯೆ ಮಹಾಲಯದ್ದು, ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡಬೇಕು. ಅದರ ಮುಂದಿನದು ದೀಪಾವಳಿ. ಒಳ್ಳೆಯ ಕತ್ತಲೆಯ ರಾತ್ರಿಯನ್ನು ಹುಡುಕಿ ಹುಡುಕಿ ನಾವು ಅದಕ್ಕೇ ದೀಪ, ಪಟಾಕಿ, ಹೊಗೆ ಎಲ್ಲ ಇಟ್ಟಿದ್ದೇವೆ. ಡಿಸೆಂಬರಿನಲ್ಲಿ ಎಳ್ಳಮಾವಾಸ್ಯೆ ಇದೆ, ಆಕಾಶವೂ ಶುದ್ಧ ಇರುತ್ತದೆ ಅಂದೆ.

"ಎಳ್ಳಮಾಸಿಗೆ ಹೊಲಕ್ಕ ಹೋಗಿ ಚರಗಾ ಚೆಲ್ಲದಿದ್ರ ನಮ್ಮವ್ವ ಮನೀಗೇ ಸೇರಸೂದಿಲ್ಲ" ಅಂದ ಗೆಳೆಯ. ಮಾಹೆ ಸೇತುವೆ ದಾಟುವ ತನಕ ಇಬ್ಬರೂ ಕ್ಯಾಲೆಂಡರ್ ತಿರುವುತ್ತಲೇ ಇದ್ದೆವು.